ಆ ಸೂಜಿಯ ಕಾಲ ಮುಗಿಯಿತು, ಭಯ ಏಕೆ ಉಳಿಯಿತು?



ಕೆಲವು ರೋಗಗಳು ಸದ್ದು ಮಾಡುತ್ತಾ ಬರುತ್ತವೆ. ಜ್ವರ ಬಂದರೆ ಮೈ ಸುಡುತ್ತದೆ. ವಾಂತಿ ಭೇದಿಯಾದರೆ ಮನೆಯವರೆಲ್ಲ ಎದ್ದು ಕೂರುತ್ತಾರೆ. ಆದರೆ ಬಾಗಿಲು ತಟ್ಟದೆ ಒಳಗೆ ಬಂದು, ಹತ್ತಿಪ್ಪತ್ತು ವರ್ಷ ಗೆದ್ದಲಿನಂತೆ ತೊಲೆ ತಿನ್ನುತ್ತಾ ಕೂರುವ ರೋಗಗಳೂ ಇವೆ. ಹೆಪಟೈಟಿಸ್ ಸಿ ಅಂಥದ್ದು. ಈ ತಿಂಗಳು ಅದರ ಬಗ್ಗೆ, ಮುಖ್ಯವಾಗಿ ಅದರ ಚಿಕಿತ್ಸೆಯ ಬಗ್ಗೆ ಬರೆಯಬೇಕಾಗಿ ಬಂದದ್ದು ಸುರಪುರ ತಾಲೂಕಿನ ಸಹೋದರಿಯೊಬ್ಬರ ಪತ್ರದಿಂದ.

ಅವರು ಬರೆದದ್ದು ಇಷ್ಟು: "ಪಿತ್ತಕೋಶದ ಕಲ್ಲಿನ ಆಪರೇಷನ್‌ಗೆಂದು ರಕ್ತ ಪರೀಕ್ಷೆ ಮಾಡಿಸಿದಾಗ ನನಗೆ ಹೆಪಟೈಟಿಸ್ ಸಿ ಇದೆ ಎಂದರು. ನನ್ನ ಭಾವನಿಗೂ ಇದೇ ಇತ್ತು. 2008ರಲ್ಲಿ ಹೈದರಾಬಾದಿನಿಂದ ವಾರಕ್ಕೊಂದು ಸೂಜಿ ತಂದು ಮಾಡಿಸುತ್ತಿದ್ದರು. ಹೊಲ ಮಾರಿದರು. ಕೂದಲು ಉದುರಿತು, ಊಟ ಸೇರಲಿಲ್ಲ, ಯಾರೊಂದಿಗೂ ಮಾತಿಲ್ಲ. ಐದನೇ ತಿಂಗಳಿಗೆ ಬಿಟ್ಟುಬಿಟ್ಟರು. ಆಪಾ, ಆ ಸೂಜಿಯಲ್ಲಿ ಎರಡು ತರಹ ಇದೆಯಂತೆ. ಯಾವುದು ಒಳ್ಳೆಯದು? ನಾನು ಇನ್ನೂ ನನ್ನ ಗಂಡನಿಗೂ ಹೇಳಿಲ್ಲ."

ನಾನು ವೈದ್ಯೆಯಲ್ಲ. ಮದರಸದಲ್ಲಿ ಓದಿ, ಬಿ.ಎ. ಮುಗಿಸಿ, ಮಕ್ಕಳಿಗೆ ಪಾಠ ಹೇಳುವವಳು. ಆದರೆ ಓದಿ ತಿಳಿದು, ತಿಳಿದದ್ದನ್ನು ಸರಳವಾಗಿ ಹೇಳುವುದು ಶಿಕ್ಷಕಿಯ ಕೆಲಸವಷ್ಟೇ? ಉತ್ತರದ ಸಾರವನ್ನು ಮೊದಲೇ ಹೇಳಿಬಿಡುತ್ತೇನೆ: ಆ ಎರಡು ಸೂಜಿಗಳಲ್ಲಿ ಯಾವುದು ಒಳ್ಳೆಯದು ಎಂಬ ಪ್ರಶ್ನೆಯೇ ಇಂದು ಹಳೆಯದಾಗಿದೆ. ಈಗ ಈ ರೋಗಕ್ಕೆ ಸೂಜಿಯೇ ಬೇಕಿಲ್ಲ. ಹನ್ನೆರಡು ವಾರ ಮಾತ್ರೆ ಸಾಕು. ಆದರೆ ಸೂಜಿಯ ಕಾಲದ ಭಯ ನಮ್ಮ ಮನೆಗಳಿಂದ ಇನ್ನೂ ಹೋಗಿಲ್ಲ. ಆ ಭಯ ಎಲ್ಲಿಂದ ಬಂತು ಎಂದು ತಿಳಿದರೆ ಮಾತ್ರ ಅದು ಹೋಗುತ್ತದೆ.

ಇದು ಯಾವ ರೋಗ?

ಬಕ್ರೀದ್ ದಿನ ನಾವು ಕಲೇಜಿ ಎಂದು ಮೊದಲು ಬೇಯಿಸುವ ಅಂಗವಿದೆಯಲ್ಲ, ಅದೇ ನಮ್ಮ ಮೈಯೊಳಗಿನ ಯಕೃತ್ತು ಅಥವಾ ಲಿವರ್. ಊಟದ ಸಾರವನ್ನು ಕೂಡಿಡುವುದು, ವಿಷವನ್ನು ಸೋಸುವುದು, ಪಿತ್ತರಸ ತಯಾರಿಸುವುದು, ರಕ್ತ ಹೆಪ್ಪುಗಟ್ಟಲು ಬೇಕಾದ ವಸ್ತುಗಳನ್ನು ಕೊಡುವುದು ಎಲ್ಲವೂ ಅದರ ಕೆಲಸ. ಹೆಪಟೈಟಿಸ್ ಎಂದರೆ ಲಿವರಿನ ಊತ. ನಮ್ಮ ಕಡೆ ಕಾಮಣಿ ಎಂದೂ, ಮನೆಮಾತಿನಲ್ಲಿ ಪೀಲಿಯಾ ಎಂದೂ ಕರೆಯುವುದು ಈ ಊತದ ಒಂದು ಲಕ್ಷಣ ಮಾತ್ರ.

ಮಳೆಗಾಲದಲ್ಲಿ ಕೊಳಕು ನೀರಿನಿಂದ ಬರುವ ಕಾಮಣಿ ಹೆಪಟೈಟಿಸ್ ಎ ಮತ್ತು ಇ. ಅವು ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾವಾಗಿಯೇ ಇಳಿಯುತ್ತವೆ, ಆದರೆ ಇ ಗರ್ಭಿಣಿಯರಿಗೆ ಅಪಾಯಕಾರಿ. ಬಿ ಮತ್ತು ಸಿ ರಕ್ತದ ಮೂಲಕ ಬರುವಂಥವು. ಬಿಗೆ ಲಸಿಕೆ ಇದೆ, ಸಿಗೆ ಇಲ್ಲ. ಸಿ ವೈರಸ್ ಹೊಕ್ಕ ನೂರು ಮಂದಿಯಲ್ಲಿ ಸುಮಾರು ಮೂವತ್ತು ಮಂದಿ ಆರು ತಿಂಗಳೊಳಗೆ ತಾವಾಗಿಯೇ ಗುಣವಾಗುತ್ತಾರೆ. ಉಳಿದ ಎಪ್ಪತ್ತು ಮಂದಿಯಲ್ಲಿ ಅದು ಮನೆ ಮಾಡುತ್ತದೆ. ಅವರಲ್ಲಿ ನೂರಕ್ಕೆ ಹದಿನೈದರಿಂದ ಮೂವತ್ತು ಮಂದಿಗೆ ಇಪ್ಪತ್ತು ವರ್ಷಗಳೊಳಗೆ ಲಿವರ್ ಗಟ್ಟಿಯಾಗಿ ಗಂಟುಗಂಟಾಗುತ್ತದೆ. ಇದನ್ನು ಸಿರೋಸಿಸ್ ಎನ್ನುತ್ತಾರೆ. ಮುಂದೆ ಹೊಟ್ಟೆಯಲ್ಲಿ ನೀರು ತುಂಬುವುದು, ರಕ್ತ ವಾಂತಿ, ಕೆಲವರಿಗೆ ಕ್ಯಾನ್ಸರ್.

ಸಿರೋಸಿಸ್ ಎಂದರೆ ಕುಡುಕರ ಕಾಯಿಲೆ ಎಂಬ ಮಾತು ನಮ್ಮಲ್ಲಿದೆ. ಹನಿ ಹೆಂಡ ಮುಟ್ಟದ ಹೆಂಗಸಿಗೂ ಈ ವೈರಸ್ಸಿನಿಂದ ಸಿರೋಸಿಸ್ ಬರಬಹುದು. ವಿಶ್ವ ಆರೋಗ್ಯ ಸಂಸ್ಥೆಯ 2024ರ ವರದಿಯ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ ಸುಮಾರು 5 ಕೋಟಿ ಮಂದಿ, ಭಾರತದಲ್ಲಿ ಸುಮಾರು 55 ಲಕ್ಷ ಮಂದಿ ಈ ರೋಗದೊಂದಿಗೆ ಬದುಕುತ್ತಿದ್ದರು. ಅವರಲ್ಲಿ ಹೆಚ್ಚಿನವರಿಗೆ ತಮಗೆ ರೋಗವಿದೆ ಎಂಬುದೇ ಗೊತ್ತಿರಲಿಲ್ಲ.

ಇಂಟರ್‌ಫೆರಾನ್ ಬಂದ ಬಗೆ

ಪತ್ರದ ಸಹೋದರಿ ಹೇಳುವ ಸೂಜಿಯ ಹೆಸರು ಇಂಟರ್‌ಫೆರಾನ್. ಇದು ಹೊರಗಿನ ವಿಷವೇನಲ್ಲ. ಅಲ್ಲಾಹನು ನಮ್ಮ ದೇಹದಲ್ಲೇ ಇಟ್ಟಿರುವ ಒಂದು ಕಾವಲಿನ ವಸ್ತು. ವೈರಸ್ ಹೊಕ್ಕ ಜೀವಕೋಶ ಇದನ್ನು ಹೊರಬಿಟ್ಟು ಅಕ್ಕಪಕ್ಕದ ಕೋಶಗಳಿಗೆ "ಕಳ್ಳ ಬಂದಿದ್ದಾನೆ, ಬಾಗಿಲು ಹಾಕಿಕೊಳ್ಳಿ" ಎಂದು ಎಚ್ಚರಿಸುತ್ತದೆ. 1957ರಲ್ಲಿ ಲಂಡನ್ನಿನಲ್ಲಿ ಅಲಿಕ್ ಐಸಾಕ್ಸ್ ಮತ್ತು ಜೀನ್ ಲಿಂಡೆನ್‌ಮನ್ ಎಂಬ ವಿಜ್ಞಾನಿಗಳು ಇದನ್ನು ಕಂಡುಹಿಡಿದರು. ಜ್ವರ ಬಂದಾಗ ಮೈಕೈ ನೋವು, ಚಳಿ, ಸುಸ್ತು ಆಗುವುದರಲ್ಲಿ ಈ ಇಂಟರ್‌ಫೆರಾನ್‌ನ ಪಾಲೂ ಇದೆ. ಈ ಮಾತು ನೆನಪಿಡಿ, ಮುಂದೆ ಬೇಕಾಗುತ್ತದೆ.

ವಿಚಿತ್ರವೆಂದರೆ ಹೆಪಟೈಟಿಸ್ ಸಿಗೆ ಮದ್ದು ಮೊದಲು ಸಿಕ್ಕಿತು, ರೋಗದ ಹೆಸರು ಆಮೇಲೆ! ರಕ್ತ ಹಾಕಿಸಿಕೊಂಡವರಿಗೆ ಎಯೂ ಅಲ್ಲದ ಬಿಯೂ ಅಲ್ಲದ ಒಂದು ಹೆಪಟೈಟಿಸ್ ಬರುತ್ತಿತ್ತು. 1986ರಲ್ಲಿ ಅಮೆರಿಕದ ವೈದ್ಯರು ಅಂಥ ಹತ್ತು ಮಂದಿಗೆ ಇಂಟರ್‌ಫೆರಾನ್ ಕೊಟ್ಟು ನೋಡಿ, ಕೆಲವರ ಲಿವರ್ ಸುಧಾರಿಸಿತು ಎಂದು ಪ್ರಕಟಿಸಿದರು. ವೈರಸ್ ಪತ್ತೆಯಾದದ್ದು 1989ರಲ್ಲಿ. ಆ ಶೋಧದ ಸರಪಳಿಯಲ್ಲಿದ್ದ ಹಾರ್ವೆ ಆಲ್ಟರ್, ಮೈಕೆಲ್ ಹೌಟನ್, ಚಾರ್ಲ್ಸ್ ರೈಸ್ ಅವರಿಗೆ 2020ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

1991ರಲ್ಲಿ ಅಮೆರಿಕದಲ್ಲಿ ಈ ಸೂಜಿಗೆ ಅನುಮತಿ ಸಿಕ್ಕಿತು. ವಾರಕ್ಕೆ ಮೂರು ಸಲ, ತಿಂಗಳುಗಟ್ಟಲೆ ಚುಚ್ಚಬೇಕು. ಇಷ್ಟು ಮಾಡಿದರೂ ಪೂರ್ತಿ ಗುಣವಾಗುತ್ತಿದ್ದವರು ನೂರರಲ್ಲಿ ಹತ್ತು-ಹದಿನೈದು ಮಂದಿ ಮಾತ್ರ. 1998ರಲ್ಲಿ ಅದರ ಜೊತೆಗೆ ರಿಬಾವಿರಿನ್ ಎಂಬ ಗುಳಿಗೆ ಸೇರಿಸಿದರು. ಗುಣವಾಗುವವರು ನೂರಕ್ಕೆ ನಲವತ್ತರ ಹತ್ತಿರ ಬಂದರು.

ಎರಡು ಸೂಜಿಗಳ ಹೋಲಿಕೆ

ಸಾದಾ ಇಂಟರ್‌ಫೆರಾನ್ ದೇಹದಿಂದ ಬೇಗ ಹೊರಹೋಗುತ್ತದೆ. ಅದಕ್ಕೇ ವಾರಕ್ಕೆ ಮೂರು ಸೂಜಿ. ಇದನ್ನು ತಡೆಯಲು ವಿಜ್ಞಾನಿಗಳು ಪಿ.ಇ.ಜಿ. ಅಂದರೆ ಪೆಗ್ ಎಂಬ ವಸ್ತುವನ್ನು ಅದಕ್ಕೆ ಅಂಟಿಸಿದರು. ಹೀಗೆ ಹುಟ್ಟಿದ್ದೇ ಪೆಗ್ ಇಂಟರ್‌ಫೆರಾನ್. ಇದು ರಕ್ತದಲ್ಲಿ ಬಹಳ ಹೊತ್ತು ಉಳಿಯುವುದರಿಂದ ವಾರಕ್ಕೆ ಒಂದೇ ಸೂಜಿ ಸಾಕಾಯಿತು.

ಇದರಲ್ಲಿ ಎರಡು ಬಗೆ. ಒಂದು ಆಲ್ಫಾ 2ಬಿ, ಅಮೆರಿಕದಲ್ಲಿ 2001ರಲ್ಲಿ ಬಂತು. ಇನ್ನೊಂದು ಆಲ್ಫಾ 2ಎ, 2002ರಲ್ಲಿ ಬಂತು. 2ಬಿಯ ಪ್ರಮಾಣವನ್ನು ರೋಗಿಯ ತೂಕ ನೋಡಿ ಲೆಕ್ಕ ಹಾಕಬೇಕು. 2ಎ ಎಲ್ಲ ದೊಡ್ಡವರಿಗೂ ಒಂದೇ ಅಳತೆ, ವಾರಕ್ಕೆ 180 ಮೈಕ್ರೋಗ್ರಾಂ. 2ಬಿ ಪುಡಿಯ ರೂಪದಲ್ಲಿ ಬರುತ್ತಿತ್ತು. 25 ಡಿಗ್ರಿಯ ಆಸುಪಾಸಿನಲ್ಲಿ ಇಟ್ಟು, ಬೇಕಾದಾಗ ಕಲಸಿಕೊಳ್ಳಬಹುದಿತ್ತು. 2ಎ ದ್ರವರೂಪದ್ದು, 2ರಿಂದ 8 ಡಿಗ್ರಿ ತಂಪಿನಲ್ಲೇ, ಅಂದರೆ ಫ್ರಿಜ್ಜಿನಲ್ಲೇ ಇರಬೇಕಿತ್ತು.

ಯಾವುದು ಮೇಲು ಎಂದು ದೊಡ್ಡ ಚರ್ಚೆಯೇ ನಡೆಯಿತು. ಅಮೆರಿಕದಲ್ಲಿ 3,070 ರೋಗಿಗಳ ಮೇಲೆ ನಡೆದ ಒಂದು ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಅವರೆಲ್ಲರಿಗೂ ಇದ್ದದ್ದು ಈ ವೈರಸ್ಸಿನ 1ನೇ ಬಗೆ. (ಈ ವೈರಸ್ಸಿನಲ್ಲಿ ಹಲವು ಬಗೆಗಳಿವೆ. ವೈದ್ಯರು ಜೀನೋಟೈಪ್ 1, 2, 3 ಎಂದು ಎಣಿಸುತ್ತಾರೆ. ನಮ್ಮ ದೇಶದಲ್ಲಿ 3ನೇ ಬಗೆ ಹೆಚ್ಚು.) ಫಲಿತಾಂಶ ನೋಡಿ: 2ಬಿ ಪಡೆದವರಲ್ಲಿ ನೂರಕ್ಕೆ 39.8, 2ಎ ಪಡೆದವರಲ್ಲಿ ನೂರಕ್ಕೆ 40.9 ಮಂದಿ ಗುಣವಾದರು. ಲೆಕ್ಕಕ್ಕೆ ಹಿಡಿಯುವಷ್ಟು ವ್ಯತ್ಯಾಸವೇ ಇಲ್ಲ. ಮರುವರ್ಷ, ಅಂದರೆ 2010ರಲ್ಲಿ, ಇಟಲಿಯ ಎರಡು ಸಣ್ಣ ಅಧ್ಯಯನಗಳು ಬಂದವು. ಅವುಗಳಲ್ಲಿ 2ಎ ಸ್ವಲ್ಪ ಮೇಲುಗೈ ಪಡೆಯಿತು.

ಹಾಗಾದರೆ ನಿಜವಾದ ವ್ಯತ್ಯಾಸ ಎಲ್ಲಿತ್ತು? ಸೂಜಿಯ ಹೆಸರಿಗಿಂತ ವೈರಸ್ಸಿನ ಬಗೆಯಲ್ಲಿತ್ತು. 1ನೇ ಬಗೆಯವರಿಗೆ 48 ವಾರ ಚಿಕಿತ್ಸೆ ಮಾಡಿದರೂ ಅರ್ಧಕ್ಕಿಂತ ಕಡಿಮೆ ಮಂದಿ ಗುಣವಾಗುತ್ತಿದ್ದರು. 2 ಮತ್ತು 3ನೇ ಬಗೆಯವರಿಗೆ 24 ವಾರ ಸಾಕಾಗುತ್ತಿತ್ತು, ನೂರಕ್ಕೆ ಎಪ್ಪತ್ತೈದು-ಎಂಬತ್ತು ಮಂದಿ ಗುಣವಾಗುತ್ತಿದ್ದರು. ರೋಗಿಯ ಹುಟ್ಟುಗುಣವೂ ಮುಖ್ಯವಾಗಿತ್ತು. ಐ.ಎಲ್. 28ಬಿ ಎಂಬ ಜೀನಿನ ಬಳಿ ಇರುವ ಒಂದು ಸಣ್ಣ ವ್ಯತ್ಯಾಸದಿಂದ ಕೆಲವರಿಗೆ ಇಂಟರ್‌ಫೆರಾನ್ ಚೆನ್ನಾಗಿ ಹತ್ತುತ್ತದೆ, ಕೆಲವರಿಗೆ ಹತ್ತುವುದಿಲ್ಲ ಎಂದು 2009ರಲ್ಲೇ ಗೊತ್ತಾಯಿತು. ಆದ್ದರಿಂದ ಆ ಕಾಲದಲ್ಲಿ ಗುಣವಾಗದವರನ್ನು "ಸರಿಯಾಗಿ ಪಥ್ಯ ಮಾಡಲಿಲ್ಲ", "ಮನಸ್ಸು ಗಟ್ಟಿ ಮಾಡಲಿಲ್ಲ" ಎಂದು ದೂರುವುದು ಅನ್ಯಾಯ. ಅದು ಅವರ ಕೈಯಲ್ಲಿರಲಿಲ್ಲ.

ಆ ಸೂಜಿ ಕಿತ್ತುಕೊಂಡದ್ದೇನು?

ಜ್ವರದ ಮೈಕೈ ನೋವಿನಲ್ಲಿ ಇಂಟರ್‌ಫೆರಾನ್‌ನ ಪಾಲಿದೆ ಎಂದು ಹೇಳಿದೆನಲ್ಲ. ಈಗ ಯೋಚಿಸಿ, ಅದನ್ನೇ ವಾರವಾರವೂ, ಆರು ತಿಂಗಳು, ಒಂದು ವರ್ಷ ಹೊರಗಿನಿಂದ ಚುಚ್ಚಿದರೆ? ಪ್ರತಿ ಸೂಜಿಯ ನಂತರ ಚಳಿಜ್ವರ. ಊಟ ಸೇರುವುದಿಲ್ಲ, ತೂಕ ಇಳಿಯುತ್ತದೆ, ಕೂದಲು ತೆಳುವಾಗುತ್ತದೆ. ರಕ್ತದ ಬಿಳಿ ಕಣಗಳು ಇಳಿಯುತ್ತವೆ. ಕೆಲವರ ಥೈರಾಯ್ಡ್ ಕೆಡುತ್ತದೆ.

ಎಲ್ಲಕ್ಕಿಂತ ಕಠಿಣವಾದದ್ದು ಮನಸ್ಸಿನ ಮೇಲಿನ ಪರಿಣಾಮ. ಕಾರಣವಿಲ್ಲದೆ ಅಳು, ನಿದ್ದೆ ಬಾರದಿರುವುದು, ಸಿಟ್ಟು, ಕೆಲವರಿಗೆ ಸಾಯುವ ಯೋಚನೆ. ಇದು ಮದ್ದಿನ ಅಡ್ಡ ಪರಿಣಾಮ, ವೈದ್ಯರಿಗೆ ಚೆನ್ನಾಗಿ ಗೊತ್ತಿದ್ದ ವಿಷಯ. ಆದರೆ ಮನೆಯಲ್ಲಿ? ಸೊಸೆ ಮಾತು ಬಿಟ್ಟು ಮೂಲೆ ಸೇರಿದರೆ "ನಖ್ರಾ" ಎನ್ನುವವರು ಒಬ್ಬರು, "ಅಸರ್ ಆಗಿದೆ, ತಾಯಿತ ಕಟ್ಟಿಸಿ" ಎನ್ನುವವರು ಇನ್ನೊಬ್ಬರು. ಮದ್ದಿನಿಂದ ಬಂದ ಖಿನ್ನತೆಗೆ ವೈದ್ಯರ ಬಳಿ ಪರಿಹಾರವಿತ್ತು. ತಾಯಿತದಲ್ಲಿ ಇರಲಿಲ್ಲ.

ಜೊತೆಗಿದ್ದ ರಿಬಾವಿರಿನ್ ಗುಳಿಗೆ ರಕ್ತದ ಕೆಂಪು ಕಣಗಳನ್ನು ಒಡೆಯುತ್ತದೆ. ಮೊದಲೇ ರಕ್ತಹೀನತೆಯಿಂದ ಬಳಲುವ ನಮ್ಮ ಭಾಗದ ಹೆಣ್ಣುಮಕ್ಕಳಿಗೆ ಇದು ಎಷ್ಟು ಭಾರವಾಗಿತ್ತು ಎಂದು ಬೇರೆ ಹೇಳಬೇಕೇ? ಅದಲ್ಲದೆ ಈ ಗುಳಿಗೆ ಗರ್ಭದ ಶಿಶುವಿಗೆ ಹಾನಿ ಮಾಡುತ್ತದೆ. ಗಂಡ ತೆಗೆದುಕೊಳ್ಳಲಿ, ಹೆಂಡತಿ ತೆಗೆದುಕೊಳ್ಳಲಿ, ಚಿಕಿತ್ಸೆಯ ಉದ್ದಕ್ಕೂ ಮತ್ತು ಮುಗಿದ ಮೇಲೆ ಆರು ತಿಂಗಳವರೆಗೂ ಗರ್ಭ ನಿಲ್ಲಬಾರದು ಎಂಬುದು ಆಗಿನ ಕಟ್ಟುನಿಟ್ಟಿನ ಸೂಚನೆಯಾಗಿತ್ತು. ಹೊಸದಾಗಿ ಮದುವೆಯಾದವಳು ಒಂದೂವರೆ ವರ್ಷ ಬಸುರಿಯಾಗಬಾರದು ಎಂದರೆ ಅತ್ತೆಮನೆಯಲ್ಲಿ ಅವಳು ಏನೆಲ್ಲ ಕೇಳಬೇಕಾಗುತ್ತಿತ್ತು!

ಇನ್ನು ನಮ್ಮ ಊರುಗಳ ಕಷ್ಟ. ಯಾದಗಿರಿ ಪ್ರತ್ಯೇಕ ಜಿಲ್ಲೆಯಾದದ್ದು 2009ರ ಡಿಸೆಂಬರ್ 30ರಂದು. ಅಲ್ಲಿಯವರೆಗೆ ಯಾದಗಿರಿ, ಶಹಾಪುರ, ಸುರಪುರ ಮೂರೂ ಗುಲ್ಬರ್ಗಾ ಜಿಲ್ಲೆಯ ತಾಲೂಕುಗಳು. ದೊಡ್ಡ ಪರೀಕ್ಷೆ ಎಂದರೆ ಗುಲ್ಬರ್ಗಾಕ್ಕೋ ಹೈದರಾಬಾದಿಗೋ ಹೋಗಬೇಕು. ಯಾದಗಿರಿಯಲ್ಲಾದರೂ ರೈಲಿದೆ, ಶಹಾಪುರ ಸುರಪುರದವರಿಗೆ ಬಸ್ಸೇ ಗತಿ. ಬೇಸಿಗೆಯಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಅಂಥ ಬಿಸಿಲಿನಲ್ಲಿ ಫ್ರಿಜ್ಜಿನಲ್ಲೇ ಇರಬೇಕಾದ ಸೂಜಿಯನ್ನು ಮಂಜುಗಡ್ಡೆಯ ಡಬ್ಬಿಯಲ್ಲಿ ತರಬೇಕು, ತಂದ ಮೇಲೆ ಮನೆಯಲ್ಲಿ ಫ್ರಿಜ್ ಇರಬೇಕು, ಫ್ರಿಜ್ ಇದ್ದರೂ ಕರೆಂಟ್ ಇರಬೇಕು! 25 ಡಿಗ್ರಿಯಲ್ಲಿಡಬಹುದಾದ ಪುಡಿಗೂ ನಮ್ಮ ಏಪ್ರಿಲ್ ತಿಂಗಳು ತಂಪಿನದ್ದಲ್ಲ.

ಹಣದ ಮಾತಂತೂ ಕೇಳಲೇಬೇಡಿ. ಪೆಗ್ ಇಂಟರ್‌ಫೆರಾನ್ 2ಎಯ ಆರು ತಿಂಗಳ ಚಿಕಿತ್ಸೆ ನಮ್ಮ ದೇಶದಲ್ಲಿ ನಾಲ್ಕು ಲಕ್ಷ ರೂಪಾಯಿ ಮೀರುತ್ತಿತ್ತು. ಅದರ ಪೇಟೆಂಟನ್ನು ಮುಂಬೈಯ ಸಂಕಲ್ಪ್ ಎಂಬ ಸೇವಾಸಂಸ್ಥೆ ಪ್ರಶ್ನಿಸಿತು. ಬೌದ್ಧಿಕ ಆಸ್ತಿ ಮೇಲ್ಮನವಿ ಮಂಡಳಿ 2012ರ ನವೆಂಬರ್‌ನಲ್ಲಿ ಆ ಪೇಟೆಂಟನ್ನು ರದ್ದುಪಡಿಸಿತು. ಆದರೆ ಅಷ್ಟು ಹೊತ್ತಿಗೆ ಎಷ್ಟು ಮನೆಗಳ ಹೊಲ, ಬಂಗಾರ ಕೈಬಿಟ್ಟು ಹೋಗಿತ್ತೋ.

ಪತ್ರದ ಸಹೋದರಿಯ ಭಾವ ಐದನೇ ತಿಂಗಳಿಗೆ ಬಿಟ್ಟದ್ದು ಹೇಡಿತನವಲ್ಲ ಎಂದು ಈಗ ನಿಮಗೂ ಅನಿಸುತ್ತಿರಬಹುದು. ಆ ಮದ್ದು ಹಾಗಿತ್ತು. ಹಾಗಿದ್ದರೂ ಅದು ಸಾವಿರಾರು ಜೀವ ಉಳಿಸಿತು ಎಂಬುದನ್ನೂ ಮರೆಯಬಾರದು. ಬೇರೆ ಮದ್ದೇ ಇಲ್ಲದ ಕಾಲದಲ್ಲಿ ಅದೊಂದೇ ಆಸರೆಯಾಗಿತ್ತು.

ಈಗ ಏನು ಬದಲಾಗಿದೆ?

2013ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ಸೊಫೊಸ್ಬುವಿರ್ ಎಂಬ ಮಾತ್ರೆಗೆ ಅನುಮತಿ ಸಿಕ್ಕಿತು. ಇಂಟರ್‌ಫೆರಾನ್ ದೇಹದ ಕಾವಲುಗಾರರನ್ನು ಎಬ್ಬಿಸುತ್ತಿತ್ತು, ಆ ಗದ್ದಲದಲ್ಲಿ ಮನೆಯವರೆಲ್ಲ ಬಳಲುತ್ತಿದ್ದರು. ಈ ಮಾತ್ರೆ ಹಾಗಲ್ಲ. ವೈರಸ್ ತನ್ನ ಸಂತಾನ ಬೆಳೆಸಲು ಬಳಸುವ ಯಂತ್ರಕ್ಕೇ ಅಡ್ಡಗಾಲು ಹಾಕುತ್ತದೆ. ಸಂತಾನ ನಿಂತರೆ ವೈರಸ್ ನಾಶ. ಅದಕ್ಕೇ ಅಡ್ಡ ಪರಿಣಾಮ ಬಹಳ ಕಡಿಮೆ, ಹೆಚ್ಚಿನವರಿಗೆ ಸ್ವಲ್ಪ ತಲೆನೋವು, ಸುಸ್ತು ಅಷ್ಟೆ.

ಬೆಲೆ ಮಾತ್ರ ಭಯಂಕರವಾಗಿತ್ತು. ಅಮೆರಿಕದಲ್ಲಿ ಒಂದು ಮಾತ್ರೆಗೆ ಸಾವಿರ ಡಾಲರ್, ಹನ್ನೆರಡು ವಾರಕ್ಕೆ 84,000 ಡಾಲರ್! 2014ರ ಸೆಪ್ಟೆಂಬರ್‌ನಲ್ಲಿ ಭಾರತದ ಏಳು ಕಂಪೆನಿಗಳಿಗೆ ಇದನ್ನು ತಯಾರಿಸುವ ಪರವಾನಗಿ ಸಿಕ್ಕಿತು. 2015ರಲ್ಲಿ ಹೈದರಾಬಾದಿನ ನ್ಯಾಟ್ಕೋ ಕಂಪೆನಿ 28 ಮಾತ್ರೆಗಳ ಡಬ್ಬಿಯನ್ನು 19,900 ರೂಪಾಯಿಗೆ ತಂದಿತು. ಪೈಪೋಟಿಯಿಂದ ಬೆಲೆ ಮತ್ತೆ ಇಳಿಯುತ್ತಾ ಹೋಯಿತು. ಜೊತೆಗೆ ಬಳಸುವ ಡಕ್ಲಟಾಸ್ವಿರ್, ವೆಲ್ಪಟಾಸ್ವಿರ್ ಎಂಬ ಮದ್ದುಗಳೂ ಬಂದವು.

ಕೊನೆಗೆ 2018ರ ಜುಲೈ 28ರಂದು, ವಿಶ್ವ ಹೆಪಟೈಟಿಸ್ ದಿನದಂದೇ, ಕೇಂದ್ರ ಸರಕಾರ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮವನ್ನು ಆರಂಭಿಸಿತು. ಇದರಡಿ ಪರೀಕ್ಷೆಯೂ ಉಚಿತ, ಮಾತ್ರೆಯೂ ಉಚಿತ. ಸಿರೋಸಿಸ್ ಇಲ್ಲದವರಿಗೆ ಸೊಫೊಸ್ಬುವಿರ್ ಮತ್ತು ಡಕ್ಲಟಾಸ್ವಿರ್ ದಿನಕ್ಕೊಂದು ಸಲ, ಹನ್ನೆರಡು ವಾರ. ಸಿರೋಸಿಸ್ ಆಗಿದ್ದರೆ ಸೊಫೊಸ್ಬುವಿರ್ ಜೊತೆ ವೆಲ್ಪಟಾಸ್ವಿರ್. ಲಿವರ್ ತೀರಾ ಸೋತವರಿಗೆ ವೈದ್ಯರು ರಿಬಾವಿರಿನ್ ಸೇರಿಸಬಹುದು ಅಥವಾ 24 ವಾರಕ್ಕೆ ಮುಂದುವರಿಸಬಹುದು. ಗುಣವಾಗುವವರು ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು. ವೈರಸ್ಸಿನ 1, 3 ಎಂಬ ಬಗೆ ಈಗ ಮೊದಲಿನಷ್ಟು ದೊಡ್ಡ ಪ್ರಶ್ನೆಯಲ್ಲ.

ಈ ಎರಡು ಕಾಲಗಳನ್ನು ಪಕ್ಕಪಕ್ಕ ಇಟ್ಟು ನೋಡಿ, ಸಹೋದರಿಯರೇ. ಅಂದು 24ರಿಂದ 48 ವಾರ, ಇಂದು 12 ವಾರ. ಅಂದು ಸೂಜಿ ಮತ್ತು ಫ್ರಿಜ್, ಇಂದು ಸಂದೂಕದ ಮೇಲೆ ಇಡಬಹುದಾದ ಮಾತ್ರೆ ಡಬ್ಬಿ. ಅಂದು ಲಕ್ಷಾಂತರ ರೂಪಾಯಿ, ಇಂದು ಸರಕಾರದಿಂದ ಉಚಿತ. ಅಂದು ಅರ್ಧ ಮಂದಿ ಗುಣ, ಇಂದು ಹೆಚ್ಚುಕಡಿಮೆ ಎಲ್ಲರೂ.

ಈಜಿಪ್ಟಿನ ಪಾಠ

ಒಂದು ದೇಶವೇ ಈ ರೋಗದಿಂದ ಹೊರಬಂದ ಕಥೆಯೂ ಇದೆ. ನೈಲ್ ನದಿಯ ದಂಡೆಯ ರೈತರಿಗೆ ಬಸವನ ಹುಳುಗಳ ಮೂಲಕ ಹರಡುವ ಬಿಲ್ಹಾರ್ಜಿಯಾ ಎಂಬ ರೋಗವಿತ್ತು. 1950ರ ದಶಕದಿಂದ 1980ರ ದಶಕದವರೆಗೆ ಸರಕಾರವೇ ಹಳ್ಳಿಹಳ್ಳಿಗೂ ಹೋಗಿ ಅದಕ್ಕೆ ಸೂಜಿ ಮಾಡಿಸಿತು. ಉದ್ದೇಶ ಒಳ್ಳೆಯದೇ. ಆದರೆ ಸೂಜಿಗಳನ್ನು ಸರಿಯಾಗಿ ಶುದ್ಧಿ ಮಾಡದೆ ಮತ್ತೆ ಮತ್ತೆ ಬಳಸಿದರು. ಒಂದು ರೋಗ ಓಡಿಸಲು ಹೋಗಿ ಇನ್ನೊಂದು ರೋಗ ಮನೆಮನೆಗೂ ಹೊಕ್ಕಿತು. 2008ರ ಸಮೀಕ್ಷೆಯಲ್ಲಿ 15ರಿಂದ 59 ವರ್ಷದವರಲ್ಲಿ ನೂರಕ್ಕೆ ಸುಮಾರು 15 ಮಂದಿಯ ರಕ್ತದಲ್ಲಿ ಹೆಪಟೈಟಿಸ್ ಸಿಯ ಗುರುತು ಸಿಕ್ಕಿತು.

ಅಲ್ಲಿಯೂ ಮೊದಲು ಇಂಟರ್‌ಫೆರಾನ್ ಕೊಟ್ಟರು. ರೋಗಿಗಳ ಸಂಖ್ಯೆಯ ಮುಂದೆ ಅದು ಸಾಲಲಿಲ್ಲ. ಹೊಸ ಮಾತ್ರೆ ಬಂದ ಮೇಲೆ, 2018ರ ಅಕ್ಟೋಬರ್‌ನಿಂದ ಕೆಲವೇ ತಿಂಗಳಲ್ಲಿ ಸುಮಾರು ಐದು ಕೋಟಿ ಜನರ ತಪಾಸಣೆ ನಡೆಸಿ, ರೋಗವಿದ್ದವರಿಗೆ ಉಚಿತ ಚಿಕಿತ್ಸೆ ಕೊಟ್ಟರು. 2023ರ ಅಕ್ಟೋಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ರೋಗವನ್ನು ನಿರ್ಮೂಲನೆಯ ಹಾದಿಗೆ ತಂದದ್ದಕ್ಕೆ ಈಜಿಪ್ಟಿಗೆ 'ಚಿನ್ನದ ಶ್ರೇಣಿ'ಯ ಮಾನ್ಯತೆ ನೀಡಿತು. ಆ ಸಾಲಿನಲ್ಲಿ ನಿಂತು ರಕ್ತ ಕೊಟ್ಟವರಲ್ಲಿ ನಮ್ಮಂಥ ಹಳ್ಳಿಯ ತಾಯಂದಿರೂ ಇದ್ದರು. ನಾಚಿಕೆಪಟ್ಟು ಮನೆಯಲ್ಲೇ ಕೂತಿದ್ದರೆ ಇದು ಆಗುತ್ತಿತ್ತೇ?

ನಮ್ಮ ಮನೆಗೆ ಹೇಗೆ ಬರುತ್ತದೆ?

ಈಜಿಪ್ಟಿನ ಕಥೆ ನಮಗೂ ಪಾಠ. ನಮ್ಮ ಹಳ್ಳಿಗಳಲ್ಲಿ ಸುಸ್ತಾದರೂ ಸೂಜಿ, ನೆಗಡಿಯಾದರೂ ಸೂಜಿ. ಸೂಜಿ ಮಾಡದ ಡಾಕ್ಟರು ಡಾಕ್ಟರೇ ಅಲ್ಲ ಎಂಬ ಭಾವನೆ. ಹತ್ತಿ ಬಿಡಿಸಿ, ಭತ್ತ ನಾಟಿ ಮಾಡಿ ಬಂದ ಸುಸ್ತಿಗೆ "ಒಂದು ಸಲೈನ್ ಹಚ್ಚಿರಿ" ಎಂದು ನಾವೇ ಕೇಳುತ್ತೇವೆ. ಬೇಡದ ಸೂಜಿ ಕೇಳಬೇಡಿ. ಬೇಕಾದ ಸೂಜಿಯಾದರೆ ಹೊಸ ಸಿರಿಂಜಿನ ಚೀಲ ನಿಮ್ಮ ಕಣ್ಣ ಮುಂದೆಯೇ ಹರಿಯಲಿ. ಕೇಳುವುದರಲ್ಲಿ ಅವಮರ್ಯಾದೆಯೇನಿಲ್ಲ.

ನಮ್ಮ ಸಮಾಜಕ್ಕೇ ಸಂಬಂಧಿಸಿದ ಕೆಲವು ವಿಷಯಗಳಿವೆ. ಮಕ್ಕಳ ಖತ್ನಾವನ್ನು ಒಂದೇ ಕತ್ತಿಯಿಂದ ಸಾಲಾಗಿ ಮಾಡಿಸಬಾರದು, ಆಸ್ಪತ್ರೆಯಲ್ಲಿ ಮಾಡಿಸಿ. ಹಿಜಾಮ ಮಾಡಿಸುವುದಾದರೆ ಪ್ರತಿಯೊಬ್ಬರಿಗೂ ಹೊಸ ಬ್ಲೇಡ್, ಹೊಸ ಕಪ್ ಇರಬೇಕು. ಹಜ್, ಉಮ್ರಾಕ್ಕೆ ಹೋದ ಗಂಡಸರು ತಲೆ ಬೋಳಿಸಿಕೊಳ್ಳುವಾಗ ಪರವಾನಗಿ ಇರುವ ಕ್ಷೌರಿಕರ ಬಳಿಯೇ ಹೋಗಿ, ಹೊಸ ಬ್ಲೇಡ್ ಹಾಕಿಸಲಿ. ಒಬ್ಬರಿಗೆ ಬಳಸಿದ್ದು ಇನ್ನೊಬ್ಬರಿಗೆ ಬೇಡ. ಹೆಣ್ಣುಮಕ್ಕಳ ಕಿವಿ, ಮೂಗು ಚುಚ್ಚಿಸುವ ಸೂಜಿಗೂ ಇದೇ ಮಾತು. ಮನೆಯೊಳಗೆ ಹಲ್ಲುಜ್ಜುವ ಬ್ರಷ್, ಉಗುರು ಕತ್ತರಿ, ರೇಜರ್ ಹಂಚಿಕೊಳ್ಳಬೇಡಿ. ನಮ್ಮ ದೇಶದ ರಕ್ತನಿಧಿಗಳಲ್ಲಿ ಈ ರೋಗದ ಪರೀಕ್ಷೆ ಕಡ್ಡಾಯವಾದದ್ದು 2001-02ರ ಸುಮಾರಿಗೆ. ಅದಕ್ಕೂ ಮೊದಲು ಹೆರಿಗೆಯಲ್ಲೋ ಆಪರೇಷನ್ನಿನಲ್ಲೋ ರಕ್ತ ಹಾಕಿಸಿಕೊಂಡವರು ಒಮ್ಮೆ ಪರೀಕ್ಷೆ ಮಾಡಿಸುವುದು ಒಳಿತು. ಡಯಾಲಿಸಿಸ್ ಮಾಡಿಸುವವರೂ ಅಷ್ಟೆ.

ಹೇಗೆ ಹರಡುವುದಿಲ್ಲ ಎಂಬುದು ಇನ್ನೂ ಮುಖ್ಯ. ಒಂದೇ ತಟ್ಟೆಯಲ್ಲಿ ಉಂಡರೆ ಹರಡುವುದಿಲ್ಲ. ಅಪ್ಪಿಕೊಂಡರೆ, ಕೈಕುಲುಕಿದರೆ, ಮಗುವಿಗೆ ಮುತ್ತಿಟ್ಟರೆ ಹರಡುವುದಿಲ್ಲ. ಕೆಮ್ಮಿನಿಂದ, ನೀರಿನಿಂದ, ಬಟ್ಟೆಯಿಂದ ಹರಡುವುದಿಲ್ಲ. ತಾಯಿ ಎದೆಹಾಲು ಕೊಡಬಹುದು, ಮೊಲೆತೊಟ್ಟು ಒಡೆದು ರಕ್ತ ಬರುತ್ತಿದ್ದರೆ ಮಾತ್ರ ಗಾಯ ಮಾಯುವವರೆಗೆ ತಡೆಯಬೇಕು. ಗರ್ಭದಿಂದ ಮಗುವಿಗೆ ಹೋಗುವ ಸಾಧ್ಯತೆ ನೂರಕ್ಕೆ ಐದರಷ್ಟು. ಗಂಡ ಹೆಂಡಿರ ನಡುವೆ ಹರಡುವುದೂ ಬಹಳ ಅಪರೂಪ. ಆದ್ದರಿಂದ ಈ ರೋಗವಿರುವ ಹೆಣ್ಣನ್ನು ಅಡುಗೆಮನೆಯಿಂದ ಹೊರಗಿಡುವುದು, ಬೇರೆ ತಟ್ಟೆ ಕೊಡುವುದು, ತವರಿಗೆ ಅಟ್ಟುವುದು ಎಲ್ಲವೂ ಅಜ್ಞಾನ ಮತ್ತು ಜುಲುಮು. ಅವಳ ನಡತೆಯನ್ನು ಶಂಕಿಸುವುದಂತೂ ದೊಡ್ಡ ಪಾಪ.

ನೀವು ಮಾಡಬೇಕಾದದ್ದು

ಮೊದಲು, ವರದಿ ಸರಿಯಾಗಿ ಓದಿಸಿಕೊಳ್ಳಿ. ಆಪರೇಷನ್ನಿಗೆ ಮೊದಲು, ಗರ್ಭಿಣಿಯರ ತಪಾಸಣೆಯಲ್ಲಿ, ಕೊಲ್ಲಿ ರಾಷ್ಟ್ರಗಳಿಗೆ ಹೋಗುವವರ ಮೆಡಿಕಲ್‌ನಲ್ಲಿ ಸಾಮಾನ್ಯವಾಗಿ ಮಾಡುವುದು ಪ್ರತಿಕಾಯದ ಪರೀಕ್ಷೆ. ಅದು ಪಾಸಿಟಿವ್ ಬಂದರೆ ವೈರಸ್ ಎಂದೋ ಒಮ್ಮೆ ಬಂದಿತ್ತು ಎಂದಷ್ಟೇ ಅರ್ಥ. ಈಗಲೂ ಇದೆಯೇ ಎಂದು ತಿಳಿಯಲು ಆರ್.ಎನ್.ಎ. ಪರೀಕ್ಷೆ ಬೇಕು. ತಾವಾಗಿಯೇ ಗುಣವಾದ ಮೂವತ್ತು ಮಂದಿಯಲ್ಲಿ ನೀವೂ ಒಬ್ಬರಾಗಿರಬಹುದು. ಇನ್ನೊಂದು ಮಾತು, ಚಿಕಿತ್ಸೆಯಿಂದ ಪೂರ್ತಿ ಗುಣವಾದ ಮೇಲೂ ಪ್ರತಿಕಾಯದ ಪರೀಕ್ಷೆ ಪಾಸಿಟಿವ್ ಆಗಿಯೇ ಬರುತ್ತದೆ. ಅದಕ್ಕೆ ಗಾಬರಿ ಬೇಡ, ಆರ್.ಎನ್.ಎ. ವರದಿಯನ್ನು ಜೋಪಾನವಾಗಿ ಇಟ್ಟುಕೊಳ್ಳಿ.

ಎರಡನೆಯದು, ಜಿಲ್ಲಾ ಆಸ್ಪತ್ರೆಗೆ ಹೋಗಿ ಹೆಪಟೈಟಿಸ್ ಕಾರ್ಯಕ್ರಮದ ಚಿಕಿತ್ಸಾ ಕೇಂದ್ರ ಎಲ್ಲಿದೆ ಎಂದು ಕೇಳಿ. ಯಾದಗಿರಿಯಲ್ಲಿ ಈಗ ಜಿಲ್ಲಾ ಆಸ್ಪತ್ರೆ ಇದೆ, ಸರಕಾರಿ ವೈದ್ಯಕೀಯ ಕಾಲೇಜೂ ಬಂದಿದೆ. ಶಹಾಪುರ, ಸುರಪುರದವರು ಮೊದಲು ತಾಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ, ಅಲ್ಲಿಂದ ಚೀಟಿ ಬರೆಸಿಕೊಂಡು ಹೋಗಬಹುದು. ನಿಮ್ಮ ಓಣಿಯ ಆಶಾ ಕಾರ್ಯಕರ್ತೆಯನ್ನೂ ಕೇಳಿ. ದುಡಿಯಲು ಬೆಂಗಳೂರು, ಪುಣೆ, ಮುಂಬೈಗೆ ಹೋಗುವ ಕುಟುಂಬಗಳು ಮೊದಲೇ ಹೇಳಿಬಿಡಲಿ. ನಡುವೆ ಮಾತ್ರೆ ತಪ್ಪದಂತೆ ವೈದ್ಯರು ದಾರಿ ಹೇಳುತ್ತಾರೆ.

ಮೂರನೆಯದು, ವೈದ್ಯರಿಗೆ ಏನನ್ನೂ ಮುಚ್ಚಿಡಬೇಡಿ. ಟಿಬಿಯ ಮಾತ್ರೆ, ಹೃದಯದ ಮಾತ್ರೆ, ಗ್ಯಾಸಿನ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಹೇಳಲೇಬೇಕು. ಅವುಗಳಲ್ಲಿ ಕೆಲವು ಈ ಮದ್ದಿನೊಂದಿಗೆ ಹೊಂದುವುದಿಲ್ಲ. ಹೆಪಟೈಟಿಸ್ ಬಿ ಇದೆಯೇ ಎಂದೂ ಮೊದಲೇ ನೋಡಿಸಬೇಕು. ಬಸುರಿಯಾಗಿದ್ದರೆ, ಹಾಲುಣಿಸುತ್ತಿದ್ದರೆ ಸಾಮಾನ್ಯವಾಗಿ ಆ ಅವಧಿ ಮುಗಿದ ಮೇಲೆ ಚಿಕಿತ್ಸೆ ಆರಂಭಿಸುತ್ತಾರೆ. ರಮಝಾನ್ ಬಂದರೆ ಎಂಬ ಪ್ರಶ್ನೆ ಬರಬಹುದು. ದಿನಕ್ಕೆ ಒಂದೇ ಹೊತ್ತಿನ ಮಾತ್ರೆಯಾದ್ದರಿಂದ ಸಹರಿಯಲ್ಲೋ ಇಫ್ತಾರಿನಲ್ಲೋ ತೆಗೆದುಕೊಳ್ಳಬಹುದು. ಉಪವಾಸ ಹಿಡಿಯಲು ದೇಹಕ್ಕೆ ಶಕ್ತಿ ಇದೆಯೇ ಎಂಬುದನ್ನು ಮಾತ್ರ ವೈದ್ಯರನ್ನೇ ಕೇಳಿ. ರೋಗಿಗೆ ದೀನ್‌ನಲ್ಲಿ ವಿನಾಯಿತಿ ಇದೆ ಎಂಬುದು ನಿಮಗೆ ತಿಳಿದೇ ಇದೆ.

ನಾಲ್ಕನೆಯದು, ಮಾತ್ರೆ ಮುಗಿದ ಹನ್ನೆರಡು ವಾರಗಳ ನಂತರ ಮತ್ತೆ ಆರ್.ಎನ್.ಎ. ಪರೀಕ್ಷೆ ಮಾಡಿಸಿ. ಆಗಲೂ ವೈರಸ್ ಕಾಣದಿದ್ದರೆ ಗುಣವಾಯಿತು ಎಂದು ಅರ್ಥ. ಸಿರೋಸಿಸ್ ಆಗಿದ್ದವರು ಗುಣವಾದ ಮೇಲೂ ಆರು ತಿಂಗಳಿಗೊಮ್ಮೆ ಸ್ಕ್ಯಾನಿಂಗ್ ಬಿಡಬಾರದು. ಒಮ್ಮೆ ಗುಣವಾದವರಿಗೆ ಮತ್ತೆ ತಗಲದು ಎಂದಿಲ್ಲ, ಆದ್ದರಿಂದ ಸೂಜಿ, ಬ್ಲೇಡಿನ ಎಚ್ಚರಿಕೆ ಸದಾ ಇರಲಿ. ಕಾಮಣಿಗೆ ಸೊಪ್ಪಿನ ರಸ ಕೊಡುವವರ ಬಳಿ ಕಾಲ ಕಳೆಯಬೇಡಿ. ನೀರಿನಿಂದ ಬಂದ ಕಾಮಣಿ ತಾನಾಗಿ ಇಳಿದಾಗ ಹೆಸರು ಆ ರಸಕ್ಕೆ ಬರುತ್ತದೆ, ಅಷ್ಟೆ. ರಕ್ತದಲ್ಲಿ ಕೂತ ಸಿ ವೈರಸ್ ಅದಕ್ಕೆ ಜಗ್ಗುವುದಿಲ್ಲ.

ಕೊನೆಯದಾಗಿ, ಮನೆಯವರಿಗೆ ಹೇಳಿ. ಪತ್ರ ಬರೆದ ಸಹೋದರಿ ಗಂಡನಿಗೆ ಹೇಳದೆ ಒಬ್ಬಳೇ ಈ ಭಾರ ಹೊತ್ತಿದ್ದಾಳೆ. ಹಳೆಯ ಸೂಜಿಯ ನೆನಪು ಅವಳ ಬಾಯಿ ಕಟ್ಟಿದೆ. ಗಂಡಂದಿರೇ, ಅತ್ತೆಯಂದಿರೇ, ಈ ಪುಟ ನಿಮ್ಮ ಕೈಗೂ ಬರಲಿ ಎಂದು ಬಯಸುತ್ತೇನೆ. ನಿಮ್ಮ ಮನೆಯ ಹೆಣ್ಣುಮಗಳು ಇಂಥ ವರದಿ ಹಿಡಿದು ನಿಮ್ಮ ಮುಂದೆ ನಿಂತರೆ, "ಯಾರಿಂದ ಬಂತು?" ಎಂದು ಕೇಳಬೇಡಿ. "ಯಾವತ್ತು ಆಸ್ಪತ್ರೆಗೆ ಹೋಗೋಣ?" ಎಂದು ಕೇಳಿ. ಐದನೇ ತಿಂಗಳಿಗೆ ಸೂಜಿ ಬಿಟ್ಟ ಆ ಭಾವನಂಥವರು ನಿಮ್ಮ ಬಳಗದಲ್ಲೂ ಇರಬಹುದು. ಅವರಿಗೂ ಹೇಳಿ, ಇಂಟರ್‌ಫೆರಾನ್‌ನಿಂದ ಗುಣವಾಗದವರಿಗೂ ಈ ಮಾತ್ರೆ ಕೆಲಸ ಮಾಡುತ್ತದೆ. ರೋಗ ಕೊಟ್ಟವನು ಮದ್ದನ್ನೂ ಇಟ್ಟಿದ್ದಾನೆ ಎಂದು ನಂಬುವವರು ನಾವು. ಆ ಮದ್ದು ಈಗ ನಮ್ಮ ಜಿಲ್ಲೆಯ ಬಾಗಿಲಿಗೇ ಬಂದಿರುವಾಗ, ಬಾಗಿಲು ತೆರೆಯುವುದಷ್ಟೇ ನಮ್ಮ ಪಾಲಿನ ಕೆಲಸ.